ಬಲ ರೆಕ್ಕೆಯ ನೋವು

ಮೇ ೬, ಮಂಗಳವಾರ. ಊಟದ ಹೊತ್ತು

ಮೂವತ್ತು ಶರ್ಟು ಆಯಿತು. ಸ್ಕೂಲ್ ಯೂನಿಫಾರಂ ಆರ್ಡರು. ಮಾಸ್ಟರು ಕಟ್ ಮಾಡಿ ಹೊಲಿಯುತ್ತಾರೆ, ನಾನು ಗುಂಡಿ ಹಾಕುತ್ತೇನೆ, ಇಸ್ತ್ರಿ ತಾತ ಇಸ್ತ್ರಿ ಮಾಡುತ್ತಾರೆ. ಅಂಗಡಿ ಅಂದರೆ ಇಷ್ಟೇ ಜನ.

ನೋವು ಇವತ್ತೂ ಹನ್ನೊಂದೂವರೆಗೆ ಸರಿಯಾಗಿ ಬಂತು. ಗಡಿಯಾರ ನೋಡಿಕೊಂಡು ಬರುತ್ತದೆ. ಬೆನ್ನಿನ ಮೇಲ್ಗಡೆ, ಬಲಗಡೆ ರೆಕ್ಕೆ ಮೂಳೆ ಇದೆಯಲ್ಲ, ಅದರ ಒಳಗೆ. ಯಾರೋ ಅಲ್ಲಿ ಗುಂಡಿ ಇಟ್ಟು ದಾರ ಬಿಗಿಯಾಗಿ ಎಳೆದ ಹಾಗೆ.

ಅಕ್ಕ ಫೋನಿನಲ್ಲಿ ಕಾರಣ ಕಂಡುಹಿಡಿದಳು. ದಿಂಬು.

"ಎರಡೆರಡು ದಿಂಬು ಇಟ್ಕೊಂಡು ಮಲಗೋಕೆ ನೀನೇನು ಮಹಾರಾಣಿನಾ? ತೆಗೆದು ಬಿಸಾಕೇ."

ನನ್ನ ಹತ್ತಿರ ಇರುವುದೇ ಒಂದು. ಹೇಳಲಿಲ್ಲ. ಅಕ್ಕ ಮಾತಾಡುವಾಗ ನಡುವೆ ಬಾಯಿ ಹಾಕಲು ಜಾಗ ಸಿಗುವುದಿಲ್ಲ. ಒಂದು ಗಂಟೆ ಹತ್ತು ನಿಮಿಷ ದಿಂಬಿನ ಬಗ್ಗೆಯೇ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡರೆ ಎರಡೂ ಕೈ ಖಾಲಿ. ಅಕ್ಕ ಮಾತಾಡಿದ ಹಾಗೂ ಆಯಿತು, ಎಂಟು ಶರ್ಟು ಮುಗಿದ ಹಾಗೂ ಆಯಿತು.

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಮದುವೆಯಾಗಿ ದೂರ ಇದ್ದಾಳೆ. ಭಾವ ಲಾರಿ ಓಡಿಸುತ್ತಾರೆ, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆ ಮೇಲೆ. ಮನೆಯಲ್ಲಿ ಅಕ್ಕ, ಟಿವಿ, ಫೋನು. ದಿನಾ ಹನ್ನೊಂದಕ್ಕೆ ನನಗೆ ಫೋನು. ನಾನೂ ಎತ್ತದಿದ್ದರೆ ಇನ್ಯಾರ ಜೊತೆ ಮಾತಾಡುತ್ತಾಳೆ?

ಮೇ ೮, ಗುರುವಾರ

ದಿಂಬಿಲ್ಲದೆ ಎರಡು ರಾತ್ರಿ. ಈಗ ಕತ್ತೂ ನೋವು. ಅಕ್ಕನಿಗೆ ಖುಷಿ. "ನೋಡು, ಜಾಗ ಬಿಟ್ಟು ಓಡ್ತಾ ಇದೆ!"

ನಿನ್ನೆಯ ಕಾರಣ, ನನ್ನ ಉದ್ದ ಜಡೆ. ಇವತ್ತಿನದು, ತಣ್ಣೀರು ಸ್ನಾನ.

ಇಸ್ತ್ರಿ ತಾತ ಬೇರೆ ಪಾರ್ಟಿ. "ಎಲ್ಲಾ ವಾಯು ಕಣಮ್ಮ. ಒಂದು ದೊಡ್ಡ ತೇಗು ಬಂದ್ರೆ ಹೋಗತ್ತೆ." ಗಂಡಸರ ಎದುರಿಗೆ ತೇಗುವುದು ಹೇಗೆ? ಬಟ್ಟೆ ಇಡುವ ಹಿಂದಿನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಪ್ರಯತ್ನ ಮಾಡಿದೆ. ಬರಲಿಲ್ಲ. ತಾತ ಹೊರಗಿನಿಂದ ಕೂಗಿದರು —

"ಬಂತೇನಮ್ಮಾ?"

ಅಂಗಡಿಯಲ್ಲಿ ಇಬ್ಬರು ಗಿರಾಕಿ ಇದ್ದರು. ಅವರು ಹೋಗುವ ತನಕ ಒಳಗೇ ನಿಂತಿದ್ದೆ.

ಮೇ ೧೪, ಬುಧವಾರ

ಐದು ದಿನ ನೋವೇ ಇಲ್ಲ! ಅದಕ್ಕೇ ಬರೆಯಲಿಲ್ಲ. ಅಕ್ಕನೂ ನಾದಿನಿ ಮನೆಗೆ ಹೋಗಿದ್ದಳು, ಅಲ್ಲಿ ಸಿಗ್ನಲ್ ಸಿಗುವುದಿಲ್ಲ. ಇವತ್ತು ವಾಪಸ್ಸು ಬಂದು ಫೋನು.

"ಯಾವ ಔಷಧಿ ಹಿಡೀತು?"

"ಗೊತ್ತಿಲ್ಲಕ್ಕ."

"ನಾನು ಹೇಳಿದ್ರಲ್ಲೇ ಯಾವುದೋ ಒಂದು ಇರ್ಬೇಕು."

ಯಾವುದು ಎಂದು ಹುಡುಕುತ್ತಾ ಎರಡು ಗಂಟೆ ಮಾತಾಡಿದಳು. ಜಡೆಯೋ, ಸ್ನಾನವೋ ಎಂಬಲ್ಲಿಗೆ ಬಂದು ನಿಂತಿತು. ಅಷ್ಟು ಹೊತ್ತಿಗೆ ನೋವು ವಾಪಸ್ಸು.

ಮೇ ೧೬, ಶುಕ್ರವಾರ. ಸಂಜೆ

ಬೆಳಿಗ್ಗೆ ಕೈ ಎತ್ತಲಾಗಲಿಲ್ಲ. ಸೂಜಿ ಬಿದ್ದು ಹೋಯಿತು. ಮಾಸ್ಟರು ನೋಡಿದರು.

"ಮೌನಗೌರಿ, ಜೂನ್ ಎರಡಕ್ಕೆ ಸ್ಕೂಲು. ಗುಂಡಿ ಇಲ್ಲದಿದ್ರೆ ಮಕ್ಕಳು ಎದೆ ಹಿಡ್ಕೊಂಡು ನಿಲ್ಬೇಕಾ? ಹೋಗಿ ತೋರಿಸ್ಕೊಂಡು ಬಾ. ಕೈಲಾಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು, ಬೇರೆಯವರನ್ನ ನೋಡ್ತೀನಿ."

ನಗುತ್ತಲೇ ಅಂದರು. ಆದರೂ ಅಂದರಲ್ಲ.

ಆಸ್ಪತ್ರೆಯಲ್ಲಿ ಫಿಸಿಯೋ ಮೇಡಂ ಕತ್ತು ತಿರುಗಿಸಿದರು, ಬೆನ್ನು ಒತ್ತಿದರು. ಕೆಲಸ ಮಾಡುವಾಗ ಹೇಗೆ ಕೂರ್ತೀರಿ, ತೋರಿಸಿ ಅಂದರು. ಕೂತೆ. "ಚೆನ್ನಾಗೇ ಕೂತಿದ್ದೀರಲ್ಲ?"

ಆಗ ಹನ್ನೊಂದು ಗಂಟೆ. ಫೋನು ಬಂತು. ನಾನು ಏನೂ ಮಾಡಲಿಲ್ಲ, ಮೈ ತಾನೇ ಮಾಡಿತು. ತಲೆ ಬಲಕ್ಕೆ ವಾಲಿತು, ಭುಜ ಮೇಲೆ ಬಂತು, ಫೋನು ನಡುವೆ ಕೂತಿತು.

"ಹಾಗೇ ಇರಿ! ಅಲ್ಲಾಡ್ಬೇಡಿ!"

ಮೇಡಂ ಪಕ್ಕದ ರೂಮಿನಿಂದ ಟ್ರೇನಿಂಗಿಗೆ ಬಂದ ಇಬ್ಬರನ್ನು ಕರೆದರು. "ನೋಡ್ಕೊಳ್ಳಿ. ಪುಸ್ತಕದಲ್ಲೂ ಇಷ್ಟು ಚೆನ್ನಾಗಿ ಇರಲ್ಲ." ಇಬ್ಬರೂ ನನ್ನ ಸುತ್ತ ಒಂದು ಸುತ್ತು ಬಂದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ದಿನಕ್ಕೆ ಎಷ್ಟು ಹೊತ್ತು ಹೀಗೆ?"

"ಒಂದು... ಎರಡು ಗಂಟೆ."

"ಯಾವಾಗಿನಿಂದ?"

"ಅಕ್ಕನ ಮದುವೆ ಆದಾಗಿನಿಂದ."

"ಇನ್ನೇನ್ರೀ ಬೇಕು? ಇದೇ ನಿಮ್ಮ ರೋಗ."

ಆಸ್ಪತ್ರೆಯಲ್ಲಿದ್ದೇನೆ ಅಂದಾಗಿನಿಂದ ಅಕ್ಕ ಕಿವಿಯೊಳಗೆ ಕೂಗುತ್ತಲೇ ಇದ್ದಳು, ನಮ್ಮ ಮಾತು ಅವಳಿಗೆ ಕೇಳಿಸಿರಲಿಲ್ಲ. "ಏನಂತೆ? ಡಾಕ್ಟರು ಏನಂದ್ರು? ಹೇಳೇ!"

"ದಿಂಬಂತೆ" ಅಂದೆ.

"ನಾನು ಹೇಳ್ಲಿಲ್ವಾ!"

ಆ ಸಂತೋಷಕ್ಕೆ ಇನ್ನೂ ಮುಕ್ಕಾಲು ಗಂಟೆ.

ಮೇ ೧೮, ಭಾನುವಾರ

ಮೇಡಂ ಹೇಳಿದ್ದು ಮಾಡುತ್ತಿದ್ದೇನೆ. ಗೋಡೆಗೆ ಬೆನ್ನು ಒತ್ತಿ ತೋಳು ಮೇಲೆ, ಕೆಳಗೆ. ಎರಡು ರೆಕ್ಕೆಯನ್ನೂ ಹಿಂದಕ್ಕೆ ಹಿಂಡುವುದು. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲುವುದು. ಫೋನು ಭುಜದಲ್ಲಿ ಬೇಡವೇ ಬೇಡ.

ಅಕ್ಕನಿಗೆ ಹೇಗೆ ಹೇಳಲಿ? ‘ಅಕ್ಕ, ನಿನ್ನ ಫೋನಿಂದ...’ ಎಂದು ಗೋಡೆಗೆ ಆರು ಸಲ ಹೇಳಿ ನೋಡಿದೆ. ಅಲ್ಲಿಗೇ ನಿಲ್ಲುತ್ತದೆ. ಒಮ್ಮೆ ಪಕ್ಕದ ಮನೆಯವರು ನಿಮ್ಮ ನಗು ಜೋರು ಅಂದಿದ್ದಕ್ಕೆ ಒಂದು ವರ್ಷ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕವಳು ಅವಳು. ಇದನ್ನು ಹೇಳಿದರೆ ಇನ್ನು ಫೋನನ್ನೇ ಮುಟ್ಟುವುದಿಲ್ಲ.

ನಿನ್ನೆ ಎಡ ಭುಜಕ್ಕೆ ಬದಲಾಯಿಸಿ ನೋಡಿದೆ. ಈಗ ಎರಡೂ ರೆಕ್ಕೆ.

ಮೇ ೨೦, ಮಂಗಳವಾರ

ಇಯರ್‌ಫೋನು ತಂದೆ. ಅಕ್ಕ ಮಾತಾಡಿದಳು, ನಾನು ಗುಂಡಿ ಹಾಕಿದೆ. ಎಷ್ಟು ಸುಖ! ಎದ್ದು ನಿಂತೆ, ಶರ್ಟೂ ಎದ್ದಿತು. ವೈರನ್ನೂ ಸೇರಿಸಿ ಹೊಲಿದಿದ್ದೆ. ಶರ್ಟು ಕಿವಿಯಿಂದ ನೇತಾಡುತ್ತಿತ್ತು.

ದಾರ ಬಿಚ್ಚಲು ಮಾಸ್ಟರು ಕತ್ತರಿ ಹಾಕಿದರು. ಕಟ್ ಆಗಿದ್ದು ವೈರು. "ಸ್ಪೀಕರ್ ಹಾಕ್ಕೊಂಡು ಕೂತ್ಕೊಳ್ಳಮ್ಮ. ನಾವೇನು ನಿಮ್ಮ ಗುಟ್ಟು ಮೂಟೆ ಕಟ್ಕೊಂಡು ಹೋಗ್ತೀವಾ?"

ಅಕ್ಕನ ಮಾತು ಇವರೆಲ್ಲ ಕೇಳುವುದೇ? ಅದಕ್ಕಿಂತ ನೋವೇ ವಾಸಿ.

ಮೇ ೨೧, ಬುಧವಾರ

ವಾಸಿಯಲ್ಲ. ಮಧ್ಯಾಹ್ನ ಕಣ್ಣಲ್ಲಿ ನೀರು ಬಂತು. ಬೆಳಿಗ್ಗೆ ಎತ್ತದ ಫೋನು ಮತ್ತೆ ಬಂದಾಗ ಟೇಬಲ್ ಮೇಲಿಟ್ಟು ಸ್ಪೀಕರ್ ಒತ್ತಿದೆ. ಎಲ್ಲರೂ ಇದ್ದಾರೆ ಎಂದು ಹೇಳುವಷ್ಟರಲ್ಲಿ —

"ಯಾಕೇ ಎತ್ಲಿಲ್ಲ? ಆ ಮೂಗು ಕಟ್ಟಿದ ಮಾಸ್ಟರು ಇವತ್ತೂ ಬೈದ್ನಾ?"

ಅಂಗಡಿ ತುಂಬ ಕೇಳಿಸಿತು. ತಾತನ ಇಸ್ತ್ರಿ ಗಾಳಿಯಲ್ಲೇ ನಿಂತಿತು. ಮಾಸ್ಟರು ಮೂಗಿನಲ್ಲೇ ಹೇಳಿದರು, "ಇವತ್ತು ಇನ್ನೂ ಬೈದಿಲ್ಲಮ್ಮ. ಸಂಜೆ ತನಕ ಟೈಮಿದೆ."

ಅಕ್ಕ ಸುಮ್ಮನಾದಳು. ನಾನು ಹುಟ್ಟಿದ ಮೇಲೆ ಇದೇ ಮೊದಲು. ಆಮೇಲೆ —

"ಮಾಸ್ಟರಾ? ಮೂಗು ಎಷ್ಟು ದಿನದಿಂದ ಹೀಗಿದೆ ನಿಮಗೆ? ದಿಂಬು ಎಷ್ಟು ಇಟ್ಕೋತೀರಿ?"

ಮೇ ೩೧, ಶನಿವಾರ

ಆರ್ಡರು ಮುಗಿಯಿತು. ಒಂದು ಗುಂಡಿಯೂ ಬಾಕಿ ಇಲ್ಲ. ಬೇರೆಯವರನ್ನು ನೋಡುವ ಮಾತು ಮಾಸ್ಟರು ಮತ್ತೆ ಎತ್ತಲಿಲ್ಲ. ನೋವು ಪೂರ್ತಿ ಹೋಗಿದೆ, ನಂಬಿಕೆಯಾಗದೆ ದಿನಾ ಒತ್ತಿ ನೋಡಿಕೊಳ್ಳುತ್ತೇನೆ.

ಅಕ್ಕ ಈಗ ಅಂಗಡಿಯ ಡಾಕ್ಟರು. ಫೋನನ್ನು ತಾತ ತಮ್ಮ ಟೇಬಲ್ಲಿಗೇ ತೆಗೆದುಕೊಂಡು ಹೋಗುತ್ತಾರೆ.

"ನನ್ನ ಮಂಡಿಗೂ ವಾಯುಗೂ ಸಂಬಂಧ ಇದೆ ಕಣಮ್ಮ!"

"ಏನೂ ಇಲ್ಲ ತಾತ! ನಿಮ್ಮದು ಚಪ್ಪಲಿ ದೋಷ!"

ಅಕ್ಕ ಜೋರಾಗಿ ನಗುತ್ತಾಳೆ. ಬಾಯಿಗೆ ಕೈ ಅಡ್ಡ ಇಲ್ಲ, ಕೇಳಿದರೆ ಗೊತ್ತಾಗುತ್ತದೆ. ನಾನು ಗೋಡೆಗೆ ಬೆನ್ನು ಕೊಟ್ಟು ತೋಳು ಮೇಲೆ, ಕೆಳಗೆ.

ಜೂನ್ ೪, ಬುಧವಾರ

ಅಕ್ಕ ನನ್ನನ್ನು ವಿಚಾರಿಸಿ ನಾಲ್ಕು ದಿನ ಆಯಿತು. ಇವತ್ತು ಕೊನೆಗೆ ಫೋನು ನನ್ನ ಕೈಗೆ ಬಂತು. "ನಿಂದು ವಾಸಿ ಆಯ್ತಲ್ಲ, ಸರಿ. ಮಾಸ್ಟರಿಗೆ ಹಬೆ ತಗೊಳ್ಳೋಕೆ ನೆನಪು ಮಾಡೇ" — ಇಟ್ಟಳು.

ಜೂನ್ ೬, ಶುಕ್ರವಾರ. ಸಂಜೆ, ರೂಮಿನಲ್ಲಿ

ಎಲ್ಲೂ ನೋವಿಲ್ಲ. ಹುಡುಕಿ ನೋಡಿದೆ.

ನಾನೇ ಫೋನು ಮಾಡಿದೆ. "ಅಕ್ಕ, ಸೊಂಟ..." ಅಂದೆ.

"ಅಯ್ಯೋ! ಎಡಕ್ಕಾ, ಬಲಕ್ಕಾ?"

ಅದನ್ನು ಯೋಚಿಸಿರಲಿಲ್ಲ. "ನಡುವೆ."

"ನಡುವೇನಾ! ಮೊದಲೇ ಹೇಳೋಕೇನಾಗಿತ್ತೇ ನಿನಗೆ? ಯಾರೂ ಇಲ್ಲ ತಾನೇ ಅಲ್ಲಿ? ಸ್ಪೀಕರ್ ಆಫ್ ಮಾಡು. ಸರಿಯಾಗಿ ಕೇಳು..."

ಅರ್ಧ ಗಂಟೆ ಆಯಿತು, ಇನ್ನೂ ಹೇಳುತ್ತಿದ್ದಾಳೆ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಪೆನ್ನು, ತಲೆ ನೆಟ್ಟಗೆ. ಈಗ ಮಂಚದ ವಿಷಯ ನಡೆದಿದೆ. ಮಂಚ ಇಲ್ಲ ನನಗೆ, ಹೇಳಲಿಲ್ಲ. ತಾಳು, ಏನೋ ಕೇಳುತ್ತಿದ್ದಾಳೆ, ನನ್ನನ್ನೇ —