ಕೂಲಿಯವನಲ್ಲ ಎಂದ ಮಾವನಿಗೆ

ಮಾವ,

ಕೋರ್ಟಿನ ಆದೇಶ ಬಂತು. ಅದರಲ್ಲಿ ಏನುಂಟು ಎಂದು ಮೊದಲೇ ಹೇಳಿದರೆ ನೀವು ಮುಂದೆ ಓದದೆ ಕನ್ನಡಕ ತೆಗೆದಿಡುತ್ತೀರಿ. ನಿಮ್ಮ ಸ್ವಭಾವ ನನಗೆ ಗೊತ್ತಿಲ್ಲವೇ? ಈಗಲಾದರೂ ಸೊಸೆ ಹೇಳುವುದನ್ನು ಪೂರ್ತಿ ಕೇಳಿ. ಇದ್ದಾಗಲಂತೂ ಕೇಳಲಿಲ್ಲ.

ಕಾರ್ಕಳದ ಆ ಮದುವೆಯ ಅಡುಗೆಗೆ ನೀವು ಹೋದ ದಿನ, ಜೊತೆಗೆ ಅಡುಗೆಗಿದ್ದ ಸುಬ್ರಾಯಣ್ಣನ ಫೋನು ಬಂದಾಗ ನಾನು ಹಿರಿಯಡ್ಕದ ಮನೆಯಂಗಳದಲ್ಲಿ ನಿಮ್ಮ ಪಂಚೆಗಳನ್ನೇ ಒಣಹಾಕುತ್ತಿದ್ದೆ. ಅನ್ನದ ಕೊಪ್ಪರಿಗೆ ಬಾಗಿಸಿ ಗಂಜಿ ಬಸಿಯುವಾಗ ಒಂದು ಬದಿಗೆ ಅವರು, ಇನ್ನೊಂದು ಬದಿಗೆ ನೀವು. ಹಿಡಿದ ಗೋಣಿತುಂಡು ಜಾರಿ, ಕುದಿಯುವ ಗಂಜಿಯೆಲ್ಲ ನಿಮ್ಮ ಬಲಗೈ ಮೇಲೆ, ತೊಡೆಯ ಮೇಲೆ. ಮಣಿಪಾಲದ ಆಸ್ಪತ್ರೆಗೆ ನಾನು ಓಡಿ ಬಂದೆ. ನೀವೋ, ಮಟ್ಟು ಗುಳ್ಳ ಬದನೆಯ ಸಾಂಬಾರಿಗೆ ಬೆಲ್ಲ ಹಾಕಿದರಾ ಎಂದು ವಿಚಾರಿಸುತ್ತಿದ್ದಿರಿ.

ಆ ಬೆರಳುಗಳು ಮತ್ತೆ ಮಡಚಲಿಲ್ಲ. ಅತ್ತೆಯ ಸರ ಆಸ್ಪತ್ರೆಯ ಖರ್ಚಿಗೆ ಅಡಮಾನಕ್ಕೆ ಹೋಯಿತು. ಅಡುಗೆ ಕಂಟ್ರಾಕ್ಟಿನ ವಾಸುದೇವಯ್ಯ ಕಾಪುವಿನಿಂದ ಕಾರಿನಲ್ಲಿ ಬಂದು ನಿಮ್ಮ ತಲೆ ಸವರಿದರು, ಕಣ್ಣೊರೆಸಿಕೊಂಡರು. ಒಳ್ಳೆಯ ಮನುಷ್ಯ ಎಂದುಕೊಂಡೇ ನಾನು ಪರಿಹಾರದ ಮಾತು ಎತ್ತಿದೆ.

"ಅವರು ನನ್ನ ಕೆಲಸದವರಲ್ಲಮ್ಮ. ಸೇವೆಗೆ ಬರ್ತಿದ್ದವರು. ನಾನು ಕೊಟ್ಟದ್ದು ದಕ್ಷಿಣೆ, ಸಂಬಳ ಅಲ್ಲ."

ಇವರ ಒಲೆಯ ಮುಂದೆ ಕೂದಲು ಹಣ್ಣಾದವರು ನೀವು. ಅದು ಸೇವೆಯಾ? ಊಟ ಮುಗಿದ ಮೇಲೆ ಕೈ ತೊಳೆದು, ಶಾಲು ಸರಿಮಾಡಿಕೊಂಡು ನೀವೆಲ್ಲ ಹೋಗಿ ನಿಲ್ಲುವುದು, ಅವರು ವೀಳ್ಯದೆಲೆಯ ಮೇಲೆ ದುಡ್ಡು ಇಟ್ಟು ಕೊಡುವುದು, ನೀವು ಎಷ್ಟೆಂದು ನೋಡದೆ ಕಣ್ಣಿಗೊತ್ತಿಕೊಳ್ಳುವುದು. ನೋಡಿದರೆ ಮರ್ಯಾದೆ ಅಲ್ಲ ಎನ್ನುತ್ತಿದ್ದಿರಿ. ಆ ಮರ್ಯಾದೆಯೇ ಕಡೆಗೆ ನಮ್ಮ ಕುತ್ತಿಗೆಗೆ ಬಂತು.

ಪರಿಹಾರಕ್ಕೆ ಕೇಸು ಹಾಕಿ ಉಡುಪಿಯ ಕೋರ್ಟಿಗೆ ಹೋದ ದಿನ ನೆನಪುಂಟಾ? ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದೆ, ಅವರು ಕರೆದಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದೆ ಎಂದಷ್ಟೇ ಹೇಳಿ ಎಂದು. ನೀವು ಹೂಂ ಹೂಂ ಎಂದಿರಿ. ವಾಸುದೇವಯ್ಯನವರ ವಕೀಲರು ಬಹಳ ವಿನಯದಿಂದ, ಭಟ್ಟರೇ, ನೀವು ಕೂಲಿಗೆ ಹೋಗುತ್ತಿದ್ದಿರಾ ಎಂದು ಕೇಳಿದರು. ನೀವು ಸುಟ್ಟ ಕೈಯನ್ನು ಶಾಲಿನೊಳಗೆ ಎಳೆದುಕೊಂಡು ನೆಟ್ಟಗೆ ನಿಂತಿರಿ.

"ನಾನು ಕೂಲಿಯವನಲ್ಲ. ನಮ್ಮ ಮನೆಯಲ್ಲಿ ಯಾರೂ ಕೂಲಿಗೆ ಹೋದವರಲ್ಲ."

ನಮ್ಮ ವಕೀಲೆ ಕಣ್ಣು ಮುಚ್ಚಿಕೊಂಡರು. ಎದುರಿನವರು ಕಷ್ಟಪಟ್ಟು ಸಾಧಿಸಬೇಕಾದದ್ದನ್ನು ನೀವೇ ಎಲೆ ಹಾಕಿ ಬಡಿಸಿದಿರಲ್ಲ! ವಾಪಸು ಬರುವಾಗ, ಎಂತ ಮಾವ ಹೀಗೆ ಮಾಡಿದಿರಿ ಎಂದರೆ, ಸುಳ್ಳು ಹೇಳಬೇಕಿತ್ತಾ ಎಂದು ಕಿಟಕಿಯ ಹೊರಗೆ ನೋಡುತ್ತ ಕೂತಿರಿ.

ಮುಂದಿನ ವಾಯಿದೆಗೆ ನೀವೇ ಇರಲಿಲ್ಲ. ಬೆಳಿಗ್ಗೆ ಕಾಫಿ ಕೇಳಿದವರು, ನಾನು ಲೋಟ ಹಿಡಿದು ಬರುವಷ್ಟರಲ್ಲಿ... ಅದನ್ನು ಬರೆಯಲು ಇವತ್ತಿಗೂ ಕೈ ಬರುವುದಿಲ್ಲ.

ಕೇಸು ಅತ್ತೆಯ ಹೆಸರಿನಲ್ಲಿ ಮುಂದುವರಿಯಿತು. ಸುಬ್ರಾಯಣ್ಣನನ್ನು ಸಾಕ್ಷಿಗೆ ಕರೆದೆ. ಕೊಪ್ಪರಿಗೆಯ ಆಚೆ ಬದಿ ಹಿಡಿದವರು ಅವರೇ ತಾನೆ? ತಾನೂ ವಾಸುದೇವಯ್ಯನವರ ಒಲೆಯನ್ನೇ ನಂಬಿದವನು ಎಂದು ತಲೆ ತಗ್ಗಿಸಿದರು, ಬರಲಿಲ್ಲ. ಇನ್ನು ಎಲ್ಲ ಮುಗಿಯಿತು ಎಂದುಕೊಂಡೆ. ಆಮೇಲೆ ವಾಸುದೇವಯ್ಯನವರ ಸರದಿ ಬಂತು. ನಮ್ಮ ವಕೀಲೆ ಮೆತ್ತಗೆ ಕೇಳಿದರು, ಸೇವೆಗೆ ಬಂದವರೆಂದ ಮೇಲೆ ಅವರಿಗೆ ಇಷ್ಟ ಬಂದದ್ದನ್ನು ಅಡುಗೆ ಮಾಡಬಹುದಿತ್ತಲ್ಲ, ಮನಸ್ಸಿಲ್ಲದ ದಿನ ಬಾರದೆ ಇರಬಹುದಿತ್ತಲ್ಲ ಎಂದು. ವಾಸುದೇವಯ್ಯನವರ ಮುಖ ಕೆಂಪಾಯಿತು.

"ಇಷ್ಟ ಬಂದದ್ದಾ? ನನ್ನ ಮಾತಿಲ್ಲದೆ ಅಲ್ಲಿ ಒಂದು ಚಿಟಿಕೆ ಉಪ್ಪು ಬೀಳುವುದಿಲ್ಲ. ನಾನು ಕರೆದ ಮೇಲೆ ಬಾರದವನನ್ನು ಮತ್ತೆ ಒಲೆಯ ಹತ್ತಿರ ಸೇರಿಸುವುದೂ ಇಲ್ಲ."

ನ್ಯಾಯಾಧೀಶರು ಅದನ್ನು ಹಾಗೆಯೇ ಬರೆಸಿಕೊಂಡರು. ನಿಮ್ಮ ಜಂಭ ಕೆಡಿಸಿದ್ದನ್ನು ಅವರ ಜಂಭ ಸರಿಮಾಡಿತು, ಮಾವ. ಈಗ ಆದೇಶ ಹೇಳುತ್ತದೆ, ನೀವು ಅವರ ಕೆಲಸಗಾರರು, ಗಾಯಕ್ಕೆ ಅವರೇ ಹೊಣೆ, ಪರಿಹಾರವನ್ನು ಅತ್ತೆಗೆ ಕೊಡಬೇಕು. ಅವರು ಮೇಲಿನ ಕೋರ್ಟಿಗೆ ಹೋಗುತ್ತಾರಂತೆ. ಹೋಗಲಿ, ನಾನೂ ಹೋಗುತ್ತೇನೆ.

ನಿಮಗೆ ಸಿಟ್ಟು ಬಂತಲ್ಲವೇ? ಅತ್ತೆಗೂ ಬೇಸರವಾದೀತು ಎಂದು ಹೆದರಿಕೊಂಡೇ ಓದಿ ಹೇಳಿದೆ. ಕೆಲಸಗಾರರು ಎಂದು ಬರೆದಿದ್ದಾರಾ ಎಂದು ಕೇಳಿದರು. ಹೌದು ಎಂದೆ.

"ಸರಿಯಾಗಿಯೇ ಬರೆದಿದ್ದಾರೆ. ಅವರ ಬೆವರಿನ ಪಂಚೆ ಒಗೆದವಳು ನಾನಲ್ವಾ?"

ಇಷ್ಟು ಬರೆಯುವಾಗ ಹೊರಗೆ ರಿಕ್ಷಾ ನಿಂತಿತು. ಇಳಿದವರು ಸುಬ್ರಾಯಣ್ಣ. ಬಲಗಾಲಿಗೆ ಮೊಣಕಾಲಿನವರೆಗೆ ಬ್ಯಾಂಡೇಜು. ಕಲ್ಯಾಣಪುರದ ಉಪನಯನದಲ್ಲಿ ಪಾಯಸದ ಕೊಪ್ಪರಿಗೆ ಮಗುಚಿತಂತೆ. ಅದೇ ವಾಸನೆ, ಮಣಿಪಾಲದ ಅದೇ ಮುಲಾಮು. ಆಸ್ಪತ್ರೆಗೂ ವಾಸುದೇವಯ್ಯ ಬಂದು ತಲೆ ಸವರಿದರಂತೆ. ಅತ್ತೆ ಕುರ್ಚಿ ತಂದಿಟ್ಟರೂ ಸುಬ್ರಾಯಣ್ಣ ಕೂರಲಿಲ್ಲ. ಗೋಡೆಯ ಮೇಲಿನ ನಿಮ್ಮ ಫೋಟೋದ ಕಡೆ ನೋಡದೆ ನನ್ನನ್ನು ಕೇಳಿದರು.

"ನಾನು ಕೂಲಿಯವ ಅಂತ ಎಲ್ಲಿ ಹೇಳಬೇಕಮ್ಮ?"

ಸೋಮವಾರ ಅವರನ್ನು ಉಡುಪಿಗೆ ಕರೆದುಕೊಂಡು ಹೋಗುತ್ತೇನೆ, ಮಾವ. ಈ ಸಲ ಬಸ್ಸಿನಲ್ಲಿ ಏನೂ ಹೇಳಿಕೊಡಬೇಕಾಗಿಲ್ಲ.

ನಿಮ್ಮ ಸೊಸೆ