ಎಳಿ ಹರದಾಗೊಮ್ಮೆ ಚಹಾ

ಏನ್ರಿ, ರೇಡಿಯೋಕ್ಕ ಗುದ್ದಬ್ಯಾಡ್ರಿ, ಮೊದಲ ಈ ಚೀಟಿ ಓದ್ರಿ. ಅದು ಕೆಟ್ಟಿಲ್ಲ. ಒಳಗಿನ ಸೆಲ್ಲು ನಾನ ತಗದೇನಿ.

ಹುನಗುಂದಕ್ಕ ಅಕ್ಕನ ಮನಿಗೆ ಹೊಂಟೇನಿ, ಸಂಜಿ ಬಸ್ಸಿಗೆ ಬರ್ತೇನಿ. ನಿನ್ನೆ ಹೇಳಿದ್ದೆ, ನೀವು ಕಾಮೆಂಟ್ರಿ ಕೇಳಕೋತ "ಹೂಂ" ಅಂದ್ರಿ.

ರೊಟ್ಟಿ ಬುಟ್ಟ್ಯಾಗ ಅದಾವು. ಪಲ್ಯಾಕ್ಕ ಬೆಕ್ಕು ಬಾಯಿ ಹಾಕಿದ್ರ ಇವತ್ತರ ನಿಮಗ ಸಪ್ಪಳಾ ಕೇಳತೈತಿ.

ಮಾವಾರಿಗೆ ಚಹಾ ಒಮ್ಮಿ ಕೊಟ್ರ ಸಾಕು. ನೀವು ಮಗ್ಗದಾಗ ಕುಂತಾಗ ಅವರು ಕಟ್ಟಿಮ್ಯಾಲಿಂದ ಕೋಲು ಬಡದ್ರ "ಅಪ್ಪಗ ಚಹಾ ಕೊಡ" ಅಂತ ನನಗ ಒದರತೀರಿ. ಅವರು ಬಡಿಯೂದು ಚಹಾಕ್ಕಲ್ಲರಿ. ನಿನ್ನೆ ಚಹಾ ಇಡಲಾರದ ಅವರ ಬಾಜೂಕ ಸುಮ್ಮನ ಕುಂತೆ. ನಿಧಾನ ಕೇಳಿದ್ರ ಮಗ್ಗದಾಗ ಲಾಳಿ ಓಡೂ ಸಪ್ಪಳಾ ಎಷ್ಟು ಛಂದ ಐತಿ! ನಡುವ ಅದು ಒಂದೀಟು ತಪ್ಪಿತು, ಮಾವಾರು ಕೋಲು ಬಡದ್ರು. ಎದ್ದು ಒಳಗ ಬಂದು ನೋಡಿದ್ರ ನೀವು ನೇಯೂ ಸೀರ್ಯಾಗ ಎಳಿ ಹರದಿತ್ತು. ನೀವು ರೇಡಿಯೋದಾಗ ಮುಳುಗಿದ್ರಿ. ಲಕ್ವಾ ಹೊಡದು ಅವರ ಮಾತು ಹೋಗೇತಿ, ಕಿವಿ ಹೋಗಿಲ್ಲ. ಪಾಪ, ಇಷ್ಟು ದಿನ ಎಳಿ ಹರದಾಗೊಮ್ಮೆ ಚಹಾ ಕುಡದಾರ.

ಸೆಲ್ಲು ಅವರ ತಲಿದಿಂಬಿನ ಬುಡಕ ಅದಾವು. ಕಸಗೊಂಡೀರಿ ಮತ್ತ! ಕೋಲು ಬಡೀಲಾರದಂಗ ಒಂದು ಮೊಳ ನೇಯ್ರಿ, ಅವರ ಕೊಡ್ತಾರ. ಹಂಗಂತ ಹೇಳಿ ಅವರ ಕೈಯಾಗ ಇಟ್ಟೆ, ಅವರ ದಿಂಬಿನ ಬುಡಕ ಮುಚ್ಚಿಟಗೊಂಡ್ರು. ಲಕ್ವಾ ಹೊಡದಮ್ಯಾಲ ಮೊದಲನೇ ಸಲ ಮಾವಾರು ಸಪ್ಪಳಾ ಮಾಡಿ ನಕ್ರು.

ಇವತ್ತು ನೀವೂ ಅವರನ್ನ ಒಮ್ಮಿ ನಗಸ್ರಿ. ಆ ನಗಿ ನಿಮ್ಮ ಕಾಮೆಂಟ್ರಿಕಿಂತ ಕೇಳಾಕ ಭಾಳ ಚಲೋ ಐತಿ.