ಹದಿಮೂರನೇ ಸಾಲಿನ ಗಾಂಧಾರ

೧೪ ಸೆಪ್ಟೆಂಬರ್ ೨೦೨೫, ರವಿವಾರ. ಇಳಕಲ್.

ಎಂಟು ದಿನದಿಂದ ಈ ಧಾಟಿ ಕುಂದ್ರವಲ್ದು. ಹಳೇ ಗೇಮ್‌ಬಾಯ್ ಆಟದ ಡಬ್ಬಿಯೊಳಗ, ಹಾಡು ಕಟ್ಟೋ ಟ್ರ್ಯಾಕರ್ ಅನ್ನೋ ಪ್ರೋಗ್ರಾಮಿನ್ಯಾಗ, ಸಾಲಿಗೊಂದು ಸ್ವರ ತುಂಬಿದೆ. ಎಲ್ಲೋ ಒಂದು ಕಡೆ ಭೀಮಪಲಾಸ ರಾಗ ಕೆಡ್ತಿತ್ತು.

ಸಂಜಿಮುಂದ ಅಪ್ಪ ಬಂದು ಬಾಜೂಕ ಕೂತರು. ಕಿವಿ ಮಂದ ಆದಮ್ಯಾಲೆ ಅವರು ಹಾರ್ಮೋನಿಯಂ ಮುಟ್ಟೇ ಇಲ್ಲ, ಮೂರು ವರ್ಷ ಆತು. ಸ್ವರ ಎಲ್ಲಾ ಕಲಸಿದಂಗ ಕೇಳಸ್ತಾವ ಅಂತಿದ್ರು. ಈ ಗೇಮ್‌ಬಾಯಿನ್ಯಾಗ ಒಮ್ಮೆಗೆ ನಾಕ ದನಿ ಅಷ್ಟ, ಕಲಸಲಿಕ್ಕಿಲ್ಲ ಅನಿಸ್ತು. ಸುಮ್ಮನ ಹೆಡ್‌ಫೋನ್ ಅವರ ಕಿವಿಗೆ ಹಾಕಿ ಆವಾಜ ಪೂರಾ ಏರಿಸಿದೆ.

ಅಪ್ಪ ಕಣ್ಣು ಮುಚ್ಚಿದ್ರು. ತೊಡಿ ಮ್ಯಾಲೆ ಬೆರಳು ಆಡಲಿಕ್ಕೆ ಹತ್ತಿದವು. ಒಮ್ಮೆಲೆ ಜೋರಾಗಿ, "ಶುಭದಾ, ಇಲ್ಲಿ ಗಾಂಧಾರ ಕೋಮಲ ಇರಬೇಕು. ನೀ ಶುದ್ಧ ಹಾಕೀದಿ!" ಅಂದ್ರು.

ಧಾಟಿ ನಿಲ್ಲಿಸಿ, ಅವರ ಕಿವಿ ಹತ್ರ ಬಾಗಿ ಜೋರಾಗಿ ಕೇಳಿದೆ, "ಅಪ್ಪಾ, ನಿಮಗ ಕೇಳಸ್ತದೇನು?"

"ಎಲ್ಲಾ ಬಿಡಿಬಿಡಿಯಾಗಿ ಕೇಳಸ್ತದ. ಮೊದಲು ಅದನ್ನ ತಿದ್ದು."

ಹದಿಮೂರನೇ ಸಾಲು. ತಿದ್ದಿದೆ. ನನಗ ಅಳು ಬಂತು, ಅವರು ನೋಡಲಿಲ್ಲ, ಚಲೋ ಆತು. ಅವ್ವ ಊಟಕ್ಕ ಎರಡು ಸಲ ಕರದ್ರೂ ಅಪ್ಪ ಏಳಲಿಲ್ಲ. ಸೆಲ್ ಮುಗದ ಮ್ಯಾಲೆನ ಹೆಡ್‌ಫೋನ್ ತೆಗದ್ರು.

ನಾಳೆ ಕಮತಗಿಗೆ ಸಾಲಿಗೆ ಹೋದಾಗ, ಸಾಲಿ ಬಿಟ್ಟಮ್ಯಾಲೆ ಅಲ್ಲೇ ಹೊಸಾ ಸೆಲ್ ತಗೋಬೇಕು.

ಈಗ ಒಳಗಿನ ಖೋಲಿಯೊಳಗ ಅಪ್ಪ ಗುನುಗಲಿಕ್ಕೆ ಹತ್ಯಾರ. ಸ್ವರ ಸ್ವಲ್ಪ ಜಾರ್ಲಿಕತ್ತದ. ನಾ ಅಂತೂ ಹೇಳೂದಿಲ್ಲ...